ಹೋಬೋಕನ್ ಗುಡ್ಡದ ಗಡಿಯಾರ ಮತ್ತು ಹಾಡು

ಇಲ್ಲಿ ಮಾಲ್‌ಗಳಲ್ಲಿ, ಹೈಪರ್‌ಮಾರ್ಕೆಟ್‌ಗಳಲ್ಲಿ ಕೆಲಸ ಮಾಡುವ ಗೆಳೆಯರನ್ನು ಒಮ್ಮೆ ಕೇಳಿ ನೋಡಿ. ಇವತ್ತು ಹತ್ತು ಗಂಟೆಯ ಶಿಫ್ಟ್‌ನಲ್ಲಿ ತಲೆಯ ಮೇಲಿನ ಸ್ಪೀಕರಿನಿಂದ ಯಾವ ಹಾಡು ಬಂತು ಎಂದರೆ, "ಏನೋ ಬರ್ತಾ ಇತ್ತಪ್ಪ, ಗಮನಿಸಲಿಲ್ಲ" ಎನ್ನುತ್ತಾರೆ. ಆದರೆ ರಾತ್ರಿ ರೂಮಿಗೆ ಬಂದು ಮಲಗಿದ ಮೇಲೆ ಅದೇ ರಾಗ ತಲೆಯೊಳಗೆ ಗುಂಯ್ ಎನ್ನುತ್ತಿರುತ್ತದೆ. ಕಿವಿ ಗಮನಿಸದೆ ಬಿಟ್ಟದ್ದನ್ನು ಮನಸ್ಸು ಎತ್ತಿಟ್ಟುಕೊಂಡಿರುತ್ತದೆ.

ಈ ಹಾಡನ್ನು ಯಾರು ಹಾಕಿದರು, ಯಾಕೆ ಹಾಕಿದರು ಎಂದು ನಾನೂ ಬಹಳ ವರ್ಷ ಯೋಚಿಸಿರಲಿಲ್ಲ. ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿರುವವನಿಗೆ ಪೆಟ್ಟಿಗೆ ಎಣಿಸುವುದರಲ್ಲೇ ದಿನ ಮುಗಿಯುತ್ತದೆ. ತಮ್ಮನ ಮನೆಗೆಂದು ಅಮೆರಿಕಕ್ಕೆ ಹೋದಾಗ ಅವನು ಹೋಬೋಕನ್ ಎಂಬ ಪುಟ್ಟ ಊರಿಗೆ ಕರೆದುಕೊಂಡು ಹೋದ. ನ್ಯೂಜೆರ್ಸಿ ರಾಜ್ಯದ ಊರು. ಹಡ್ಸನ್ ನದಿಯ ಆಚೆ ದಡದಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್. ಪಾತ್ ರೈಲಿನಲ್ಲಿ ನದಿಯ ಅಡಿಯಿಂದ ಬಂದರೆ ಕೆಲವೇ ನಿಮಿಷ. ಊರಿನ ಅಳತೆ ಹೆಚ್ಚುಕಡಿಮೆ ಒಂದು ಚದರ ಮೈಲಿ. ಒಂದು ಕಾಲಕ್ಕೆ ಹಡಗುಕಟ್ಟೆಯ ಕೂಲಿಗಳ ಊರು. ಈಗ ನಮ್ಮವರೂ ಸೇರಿ ಕಂಪ್ಯೂಟರ್ ಉದ್ಯೋಗದವರು ಬಹಳ.

ಅಲ್ಲಿ ಮನ್ರೋ ಸ್ಟ್ರೀಟ್ ಎಂಬ ಬೀದಿಯಲ್ಲಿ 415ನೇ ನಂಬರಿನ ಮನೆ ಇತ್ತು. ಬೆಂಕಿ ಬಿದ್ದು ಮನೆ ಹೋಯಿತು; ನೆಲದಲ್ಲಿ ಕೂರಿಸಿದ ಕಂಚಿನ ನಕ್ಷತ್ರ ಒಂದಿದೆ. 1915ರ ಡಿಸೆಂಬರ್ 12ರಂದು ಗಾಯಕ ಫ್ರಾಂಕ್ ಸಿನಾತ್ರಾ ಹುಟ್ಟಿದ್ದು ಅಲ್ಲಿ, ಇಟಲಿಯಿಂದ ಬಂದು ನೆಲೆಸಿದವರ ಮಗನಾಗಿ. ಊರಿನ ಇನ್ನೊಂದು ಬದಿಯಲ್ಲಿ, ನದಿಗೆ ಬಾಗಿದಂತಿರುವ ಕ್ಯಾಸಲ್ ಪಾಯಿಂಟ್ ಗುಡ್ಡದ ಮೇಲೆ, 1870ರಲ್ಲಿ ಆರಂಭವಾದ ಸ್ಟೀವನ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಎಂಬ ಇಂಜಿನಿಯರಿಂಗ್ ಕಾಲೇಜು. ಈ ಬೀದಿಗೂ ಆ ಗುಡ್ಡಕ್ಕೂ ನಡೆದು ಹೋಗುವಷ್ಟು ದೂರ. ಹಾಡಿನಿಂದ ಜನರ ಮನಸ್ಸನ್ನು ಬೇಕಾದ ಕಡೆ ತಿರುಗಿಸಬಹುದು ಎಂಬ ಕಥೆಯ ಎರಡು ದೊಡ್ಡ ಅಧ್ಯಾಯಗಳು ಈ ಪುಟ್ಟ ಊರಿನಲ್ಲೇ ಇವೆ ಎಂದು ನನಗೆ ಗೊತ್ತಾದದ್ದು ಆಮೇಲೆ, ವಾಪಸು ಬಂದು ಓದತೊಡಗಿದಾಗ.

ಮೊದಲು ಸಮ್ಮೋಹನದ ಮಾತು. ನಾವು ಆಡುಮಾತಿನಲ್ಲಿ "ಮೆಸ್ಮರೈಸ್ ಮಾಡಿಬಿಟ್ಟ" ಎನ್ನುತ್ತೇವಲ್ಲ, ಆ ಪದ ಫ್ರಾಂಜ್ ಮೆಸ್ಮರ್ ಎಂಬ ವೈದ್ಯನ ಹೆಸರಿನಿಂದ ಬಂದದ್ದು. 1780ರ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಅವನ ಚಿಕಿತ್ಸೆಗೆ ಜನ ಮುಗಿಬೀಳುತ್ತಿದ್ದರು. ಮಂದ ಬೆಳಕಿನ ಕೋಣೆ, ಸುತ್ತ ಕುಳಿತ ರೋಗಿಗಳು, ಹಿನ್ನೆಲೆಯಲ್ಲಿ ಗಾಜಿನ ಬಟ್ಟಲುಗಳನ್ನು ಒದ್ದೆ ಬೆರಳಿನಿಂದ ಉಜ್ಜಿ ನುಡಿಸುವ ಗ್ಲಾಸ್ ಹಾರ್ಮೋನಿಕಾದ ನಾದ. ತನ್ನಿಂದ ಒಂದು ಕಾಂತಶಕ್ತಿ ಹರಿದು ರೋಗಿಯನ್ನು ಸೇರುತ್ತದೆ ಎಂದು ಮೆಸ್ಮರ್ ಹೇಳುತ್ತಿದ್ದ. 1784ರಲ್ಲಿ ಫ್ರಾನ್ಸಿನ ರಾಜ ಇದನ್ನು ಪರೀಕ್ಷಿಸಲು ಸಮಿತಿ ನೇಮಿಸಿದ. ಅದರ ಸದಸ್ಯರಲ್ಲಿ ಒಬ್ಬ ಬೆಂಜಮಿನ್ ಫ್ರಾಂಕ್ಲಿನ್, ಆಗ ಅಮೆರಿಕದ ಪ್ರತಿನಿಧಿಯಾಗಿ ಅಲ್ಲಿದ್ದವನು. ತಮಾಷೆ ಎಂದರೆ ಮೆಸ್ಮರ್ ಬಳಸುತ್ತಿದ್ದ ಆ ಗಾಜಿನ ವಾದ್ಯಕ್ಕೆ ರೂಪ ಕೊಟ್ಟವನೂ ಇದೇ ಫ್ರಾಂಕ್ಲಿನ್! ಸಮಿತಿಯವರು ರೋಗಿಗಳ ಕಣ್ಣು ಕಟ್ಟಿ ಪರೀಕ್ಷಿಸಿದರು. ಶಕ್ತಿ ಹಾಯಿಸುತ್ತಿದ್ದಾರೆ ಎಂದು ನಂಬಿದಾಗ ಏನೂ ಹಾಯಿಸದಿದ್ದರೂ ರೋಗಿ ನಡುಗಿದ. ಗೊತ್ತಿಲ್ಲದಂತೆ ಹಾಯಿಸಿದಾಗ ಏನೂ ಆಗಲಿಲ್ಲ. ಕೆಲಸ ಮಾಡುತ್ತಿರುವುದು ಕಾಂತವಲ್ಲ, ಕಲ್ಪನೆ ಎಂದು ಸಮಿತಿ ಬರೆಯಿತು.

1840ರ ದಶಕದಲ್ಲಿ ಮ್ಯಾಂಚೆಸ್ಟರಿನ ಜೇಮ್ಸ್ ಬ್ರೇಡ್ ಎಂಬ ಶಸ್ತ್ರವೈದ್ಯ ಕಾಂತದ ಮಾತನ್ನೆಲ್ಲ ಬಿಟ್ಟು ಇದಕ್ಕೆ ಹಿಪ್ನಾಟಿಸಂ ಎಂಬ ಹೆಸರನ್ನು ನೆಲೆಗೊಳಿಸಿದ. ಅವನ ಪ್ರಕಾರ ಗುಟ್ಟು ಇಷ್ಟೇ: ಮನಸ್ಸನ್ನು ಒಂದೇ ವಸ್ತುವಿನ ಮೇಲೆ ನಿಲ್ಲಿಸುವುದು. ಹಾಗೆ ನಿಲ್ಲಿಸಲು ಎದುರು ಕುಳಿತವನು ಒಪ್ಪಬೇಕು. ಒಲ್ಲೆ ಎಂದು ಎದ್ದು ಹೋದವನನ್ನು ಯಾವ ಸಮ್ಮೋಹನಕಾರನೂ ಮಲಗಿಸಲಾರ. ಈ "ಒಪ್ಪುವುದು" ಎಂಬ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಮನ್ರೋ ಸ್ಟ್ರೀಟಿನ ಹುಡುಗ. 1942ರ ಡಿಸೆಂಬರ್ 30ರಂದು ನ್ಯೂಯಾರ್ಕಿನ ಪ್ಯಾರಮೌಂಟ್ ಥಿಯೇಟರಿನಲ್ಲಿ ಸಿನಾತ್ರಾ ವೇದಿಕೆಗೆ ಬಂದಾಗ ಹದಿಹರೆಯದ ಹುಡುಗಿಯರು ಎಬ್ಬಿಸಿದ ಕಿರುಚಾಟ ಅಮೆರಿಕಕ್ಕೇ ಹೊಸದು. ಎರಡು ವರ್ಷ ಕಳೆದು, 1944ರ ಅಕ್ಟೋಬರ್ 12ರ ಕೊಲಂಬಸ್ ದಿನ, ಅದೇ ಥಿಯೇಟರಿನ ಸುತ್ತ ಸುಮಾರು 30,000 ಮಂದಿ ಸೇರಿದರು ಎಂದು ಅಂದಾಜು. ಒಳಗೆ ಕುಳಿತವರು ಒಂದು ಆಟ ಮುಗಿದರೂ ಸೀಟು ಬಿಟ್ಟೇಳಲಿಲ್ಲ. ಹೊರಗಿದ್ದವರು ಕಿಟಕಿ ಗಾಜು ಒಡೆದರು. ಪೊಲೀಸರು ನೂರುಗಟ್ಟಲೆ ಬರಬೇಕಾಯಿತು. ಪತ್ರಿಕೆಗಳು ಇದನ್ನು ಸಾಮೂಹಿಕ ಸಮ್ಮೋಹನ ಎಂದು ಕರೆದವು. ಯುದ್ಧದ ಕಾಲ, ಗಂಡಸರೆಲ್ಲ ದೂರ ಹೋಗಿದ್ದಾರೆ, ಒಂಟಿತನ ಹೀಗೆ ಹೊರಬರುತ್ತಿದೆ ಎಂದವರೂ ಇದ್ದರು.

ಇದರಲ್ಲಿ ಮಾಯೆಯೆಷ್ಟು, ಲೆಕ್ಕವೆಷ್ಟು? ಎರಡೂ ಇತ್ತು. ಸಿನಾತ್ರಾನ ಪ್ರಚಾರದ ಹೊಣೆ ಹೊತ್ತಿದ್ದ ಜಾರ್ಜ್ ಇವಾನ್ಸ್ ಕೆಲವು ಹುಡುಗಿಯರಿಗೆ ದುಡ್ಡು ಕೊಟ್ಟು ಯಾವ ಸಾಲಿಗೆ ಕಿರುಚಬೇಕು, ಯಾವಾಗ ಮೂರ್ಛೆ ಹೋದಂತೆ ಬೀಳಬೇಕು ಎಂದು ತರಬೇತಿ ಕೊಟ್ಟಿದ್ದ ಎಂಬುದು ಆಮೇಲೆ ಎಲ್ಲರ ಬಾಯಲ್ಲಿ ಬಂತು. ಆದರೆ ಬಾಡಿಗೆಗೆ ಬಂದವರು ಹತ್ತಾರು. ಉಳಿದ ಸಾವಿರಾರು ಮಂದಿ ಸ್ವಂತ ದುಡ್ಡು ಕೊಟ್ಟು ಬಂದವರು. ಇನ್ನೊಂದು ಕಡೆ ಆತನ ಉಸಿರಿನ ಸಾಧನೆ. ಟಾಮಿ ಡಾರ್ಸಿಯ ಬ್ಯಾಂಡಿನಲ್ಲಿ ಹಾಡುತ್ತಿದ್ದಾಗ, ಡಾರ್ಸಿ ಟ್ರಾಂಬೋನ್ ಊದುವಾಗ ಉಸಿರು ತೆಗೆದುಕೊಳ್ಳುವುದೇ ಕಾಣಿಸುವುದಿಲ್ಲವಲ್ಲ ಎಂದು ಹಿಂದಿನಿಂದ ನೋಡಿ ನೋಡಿ ಕಲಿತದ್ದು. ನೀರಿನೊಳಗೆ ಈಜಿ ಶ್ವಾಸಕೋಶ ಬಲಪಡಿಸಿಕೊಂಡದ್ದು. ಒಂದು ಸಾಲು ಮುಗಿಯುವಲ್ಲಿ ನಿಲ್ಲದೆ ಮುಂದಿನ ಸಾಲಿಗೆ ಜಾರಿದರೆ ಕೇಳುಗನ ಉಸಿರೂ ಜತೆಗೇ ಹಿಡಿದುಕೊಳ್ಳುತ್ತದೆ. ನೀಲಾಂಬರಿಯಲ್ಲಿ ಜೋಗುಳ ಹಾಡಿ ಮಗುವನ್ನು ಮಲಗಿಸುವ ನಮ್ಮ ಅಜ್ಜಿಯರಿಗೆ ಈ ವಿದ್ಯೆ ಗೊತ್ತಿಲ್ಲವೇ?

ಪ್ಯಾರಮೌಂಟಿಗೆ ಹೋದ ಹುಡುಗಿಯರು ಸಮ್ಮೋಹನಕ್ಕೆ ಒಳಗಾಗಲೆಂದೇ ಹೋದವರು. ಗುಡ್ಡದ ಮೇಲಿನ ಕಾಲೇಜಿನ ಕಥೆ ಹಾಗಲ್ಲ.

ಆ ಕಾಲೇಜಿನಿಂದ 1883ರಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವಿ ಪಡೆದವನು ಫ್ರೆಡೆರಿಕ್ ವಿನ್ಸ್ಲೋ ಟೇಲರ್. ಅದರ ಮರುವರ್ಷ ಪಡೆದವನು ಹೆನ್ರಿ ಗ್ಯಾಂಟ್. ಎರಡನೆಯ ಹೆಸರನ್ನು ಸೈಟಿನಲ್ಲಿ ಕೆಲಸ ಮಾಡುವ ನಮ್ಮವರು ಖಂಡಿತ ಕೇಳಿದ್ದೀರಿ. ಸೈಟ್ ಆಫೀಸಿನ ಗೋಡೆಯ ಮೇಲೆ ಉದ್ದುದ್ದ ಪಟ್ಟಿಗಳ ನಕ್ಷೆ ತೂಗುತ್ತದಲ್ಲ, ಯಾವ ಕೆಲಸ ಯಾವ ತಾರೀಕಿಗೆ ಮುಗಿಯಬೇಕು ಎಂದು ತೋರಿಸುವ ಗ್ಯಾಂಟ್ ಚಾರ್ಟ್, ಅದು ಅವನದೇ. ಟೇಲರ್ ಮಾಡಿದ್ದು ಇನ್ನೂ ಮೂಲದ ಕೆಲಸ: ಕೂಲಿಯ ಪಕ್ಕದಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತ. 1899ರಲ್ಲಿ ಪೆನ್ಸಿಲ್ವೇನಿಯಾದ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಬೀಡುಕಬ್ಬಿಣದ ಗಟ್ಟಿಗಳನ್ನು ಹೊರುವವರು ದಿನಕ್ಕೆ ಹನ್ನೆರಡೂವರೆ ಟನ್ ಹೊರುತ್ತಿದ್ದರು. ಎಷ್ಟು ಹೆಜ್ಜೆ, ಎಷ್ಟು ವಿಶ್ರಾಂತಿ ಎಂದು ಅಳೆದು ಹೇಳಿಕೊಟ್ಟ ಮೇಲೆ ಒಬ್ಬ ಕೂಲಿ ನಲವತ್ತೇಳೂವರೆ ಟನ್ ಹೊತ್ತ ಎಂದು 1911ರ ತನ್ನ ಪುಸ್ತಕದಲ್ಲಿ ಟೇಲರ್ ಹೆಮ್ಮೆಯಿಂದ ಬರೆಯುತ್ತಾನೆ. ಕೂಲಿ 1 ಡಾಲರ್ 15 ಸೆಂಟಿನಿಂದ 1 ಡಾಲರ್ 85 ಸೆಂಟಿಗೆ ಏರಿತು. ಹೊರೆ ನಾಲ್ಕು ಪಾಲಿನ ಹತ್ತಿರ, ಸಂಬಳ ಎರಡು ಪಾಲೂ ಇಲ್ಲ. ಈ ಲೆಕ್ಕವನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸ್ಟಾಪ್‌ವಾಚ್ ಕೈಕಾಲನ್ನು ಅಳೆಯಿತು. ಮನಸ್ಸು ಉಳಿದಿತ್ತು. ಕೈ ಓಡುತ್ತಿದ್ದರೂ ಬೇಸರ ಬಂದರೆ ಕೆಲಸ ಕುಂಟುತ್ತದೆ. ಬೆಳಗಿನ ಹತ್ತೂವರೆ ಹನ್ನೊಂದಕ್ಕೆ ಒಮ್ಮೆ, ಮಧ್ಯಾಹ್ನ ಮೂರರ ಸುಮಾರಿಗೆ ಇನ್ನೊಮ್ಮೆ ಜನ ಸೊರಗುತ್ತಾರೆ. ಇದಕ್ಕೆ ಮದ್ದು ಹುಡುಕಿದವರಲ್ಲಿ ಒಬ್ಬ ಅದೇ ಸ್ಟೀವನ್ಸ್ ಕಾಲೇಜಿನ ಪ್ರಾಧ್ಯಾಪಕ ಹೆರಾಲ್ಡ್ ಬರ್ರಿಸ್-ಮೆಯರ್.

ಮೂಲತಃ ಆತ ನಾಟಕದ ಮನುಷ್ಯ. ಇಂಜಿನಿಯರಿಂಗ್ ಕಾಲೇಜಿನಲ್ಲಿ ರಂಗಭೂಮಿ ನಡೆಸುತ್ತಿದ್ದವನು. 1930ರ ದಶಕದಲ್ಲಿ ಅವನಿಗೆ ಹಿಡಿದ ಹುಚ್ಚು ಎಂದರೆ ಧ್ವನಿ. ವೇದಿಕೆಯ ಬೆಳಕನ್ನು ಬೇಕಾದಂತೆ ಬದಲಿಸುತ್ತೇವೆ, ಧ್ವನಿಯನ್ನೇಕೆ ಹಾಗೆ ಆಳಬಾರದು ಎಂಬ ಪ್ರಶ್ನೆ. ಯೂಜೀನ್ ಓನೀಲ್‌ನ 'ಎಂಪರರ್ ಜೋನ್ಸ್' ನಾಟಕದಲ್ಲಿ ಒಂದು ನಗಾರಿ ಇದೆ. ನಿಮಿಷಕ್ಕೆ 72 ಪೆಟ್ಟು, ಅಂದರೆ ಆರೋಗ್ಯವಂತನ ನಾಡಿಯ ವೇಗದಲ್ಲಿ ಶುರುವಾಗಿ ನಾಟಕ ಮುಗಿಯುವವರೆಗೆ ಮೆಲ್ಲಮೆಲ್ಲನೆ ಬಿರುಸಾಗುತ್ತದೆ. ನೋಡುವವನ ಎದೆ ಬಡಿತ ತನಗೇ ಗೊತ್ತಿಲ್ಲದೆ ಅದರ ಹಿಂದೆ ಓಡಬೇಕು ಎಂಬುದು ಲೆಕ್ಕ. ಯಕ್ಷಗಾನದಲ್ಲಿ ಚೆಂಡೆಯ ಏರುಪೆಟ್ಟಿಗೆ ಮೈ ಜುಮ್ಮೆಂದವರಿಗೆ ಇದು ಅರ್ಥವಾಗುತ್ತದೆ. ಇಂಥದ್ದನ್ನು ಲೌಡ್‌ಸ್ಪೀಕರು, ಧ್ವನಿಮುದ್ರಣ, ವಿದ್ಯುತ್ತಿನ ಸಹಾಯದಿಂದ ಅಳೆದು ಮಾಡಬಹುದು ಎಂದು ಬರ್ರಿಸ್-ಮೆಯರ್ ಪ್ರಯೋಗ ಮಾಡಿದ. ಗಾಯಕ ಪಾಲ್ ರೋಬ್ಸನ್‌ಗೆ ವೇದಿಕೆಯ ಮೇಲೆ ತನ್ನ ದನಿ ತನಗೇ ಚೆನ್ನಾಗಿ ಕೇಳುವಂತೆ ಒಂದು ಏರ್ಪಾಡು ಮಾಡಿಕೊಟ್ಟವನೂ ಈತನೇ. ಯುದ್ಧ ಬಂದಾಗ ನೌಕಾಪಡೆ ಅವನನ್ನು ಕರೆದುಕೊಂಡಿತು. ಸಣ್ಣ ದೋಣಿಗಳಲ್ಲಿ ದೊಡ್ಡ ಸ್ಪೀಕರ್ ಇಟ್ಟು, ಹಡಗುಗಳ ದಂಡೇ ಬರುತ್ತಿದೆ ಎಂದು ಶತ್ರು ಬೆದರುವಂತೆ ಸದ್ದು ಹಾಕುವ ಕೆಲಸ. 'ಬೀಚ್ ಜಂಪರ್ಸ್' ಎಂಬ ಆ ಪಡೆ 1943ರಲ್ಲಿ ಸಿಸಿಲಿಯ ಕಡಲತೀರದಲ್ಲಿ ಇದನ್ನು ಮಾಡಿತು.

ನಮಗೆ ಸಂಬಂಧಿಸಿದ್ದು ಅವನ ಮತ್ತೊಂದು ಕೆಲಸ: ಕಾರ್ಖಾನೆಯಲ್ಲಿ ಸಂಗೀತ. ಅವನೂ, ರಿಚರ್ಡ್ ಕಾರ್ಡಿನೆಲ್ ಎಂಬ ಸಹೋದ್ಯೋಗಿಯೂ ಯುದ್ಧಕಾಲದ ಕಾರ್ಖಾನೆಗಳಲ್ಲಿ ಹಾಡು ಹಾಕಿದಾಗ ಉತ್ಪಾದನೆ ಎಷ್ಟಾಗುತ್ತದೆ, ಗೈರುಹಾಜರಿ ಎಷ್ಟು ಕಡಿಮೆಯಾಗುತ್ತದೆ ಎಂದು ಅಳೆದರು. 1943ರಲ್ಲಿ ಬರ್ರಿಸ್-ಮೆಯರ್ ಈ ವಿಷಯವನ್ನು ಮೆಕ್ಯಾನಿಕಲ್ ಇಂಜಿನಿಯರುಗಳ ಮುಂದಿಟ್ಟ. ನಾಟಕದವರ ಮುಂದಲ್ಲ ಎಂಬುದನ್ನು ಗಮನಿಸಿ. ಅವನು ಮುಂದೆ ಮ್ಯೂಝಾಕ್ ಎಂಬ ಕಂಪನಿಯ ಉಪಾಧ್ಯಕ್ಷನೂ ಆದ.

ಮ್ಯೂಝಾಕ್ ಕಥೆ ಸ್ವಲ್ಪ ಹಿಂದಿನದು. ಅಮೆರಿಕ ಸೈನ್ಯದ ಜನರಲ್ ಜಾರ್ಜ್ ಓವನ್ ಸ್ಕ್ವಯರ್ ಎಂಬ ವಿಜ್ಞಾನಿ ತಂತಿಯ ಮೂಲಕವೇ ರೇಡಿಯೋದಂತೆ ಸಂಗೀತ ಕಳಿಸುವ ವಿಧಾನ ಕಂಡುಹಿಡಿದಿದ್ದ. 1934ರಲ್ಲಿ, ತಾನು ಸಾಯುವ ಮುಂಚೆ, ಮ್ಯೂಸಿಕ್ ಮತ್ತು ಕೊಡಾಕ್ ಎರಡನ್ನೂ ಕೂಡಿಸಿ ಈ ಹೆಸರಿಟ್ಟ. ಕ್ಯಾಮೆರಾ ಕಂಪನಿಯ ಹೆಸರು ಕೇಳಲು ಚೆನ್ನಾಗಿದೆ ಎಂಬುದಷ್ಟೇ ಕಾರಣ. ಕಂಪನಿ ನ್ಯೂಯಾರ್ಕಿಗೆ ಬಂದು ಹೋಟೆಲುಗಳಿಗೆ, ಆಮೇಲೆ ಕಾರ್ಖಾನೆ, ಆಫೀಸು, ಲಿಫ್ಟುಗಳಿಗೆ ಹಾಡು ಕಳಿಸತೊಡಗಿತು. 1940ರ ದಶಕದಲ್ಲಿ ಅವರು ರೂಪಿಸಿದ ಪದ್ಧತಿ ಹೀಗಿತ್ತು: ಹಾಡುಗಳಿಗೆ ಅವುಗಳ ಚುರುಕಿಗೆ ತಕ್ಕಂತೆ ಅಂಕ ಕೊಡುವುದು, ಕಾಲು ಗಂಟೆಯ ಕಂತಿನಲ್ಲಿ ಮಂದದಿಂದ ಚುರುಕಿಗೆ ಏರಿಸುತ್ತ ಹೋಗುವುದು, ಆಮೇಲೆ ಕಾಲು ಗಂಟೆ ಮೌನ. ನಾನು ಮೇಲೆ ಹೇಳಿದ ಸೊರಗುವ ಹೊತ್ತಿಗೆ ಸರಿಯಾಗಿ ಹೆಚ್ಚು ಚುರುಕಿನ ಕಂತು. ಹಾಡಿನಲ್ಲಿ ಮಾತು ಇರಬಾರದು. ಮಾತಿದ್ದರೆ ಕಿವಿ ಅತ್ತ ಹೋಗುತ್ತದೆ, ಕೈ ನಿಲ್ಲುತ್ತದೆ.

ಈ ಕೊನೆಯ ನಿಯಮದ ಬಳಿ ನಾನು ಬಹಳ ಹೊತ್ತು ನಿಂತೆ. ಬ್ರೇಡ್ ಹೇಳಿದ ಸಮ್ಮೋಹನ ಗಮನವನ್ನು ಒಂದು ಕಡೆ ನಿಲ್ಲಿಸುತ್ತದೆ. ಸಿನಾತ್ರಾ ಮಾಡಿದ್ದೂ ಅದನ್ನೇ. ಮ್ಯೂಝಾಕ್ ಮಾಡಿದ್ದು ಅದಕ್ಕೆ ತಿರುಗಾಮುರುಗಾ: ಗಮನವೇ ಬೀಳಬಾರದು, ಕೇಳಿಸಬೇಕು ಆದರೆ ಯಾರೂ ಆಲಿಸಬಾರದು. ಸಮ್ಮೋಹನಕಾರನ ಎದುರು ಕುಳಿತವನಿಗೆ ತಾನು ಕುಳಿತಿದ್ದೇನೆ ಎಂದಾದರೂ ಗೊತ್ತಿರುತ್ತದೆ. ಕಾರ್ಖಾನೆಯಲ್ಲಿದ್ದವನಿಗೆ?

ಇಂಗ್ಲೆಂಡಿನಲ್ಲೂ ಇದೇ ಕಾಲಕ್ಕೆ, 1940ರ ಜೂನ್ 23ರಿಂದ, ಬಿಬಿಸಿ ಕಾರ್ಖಾನೆಯವರಿಗಾಗಿಯೇ 'ಮ್ಯೂಸಿಕ್ ವೈಲ್ ಯು ವರ್ಕ್' ಎಂಬ ಕಾರ್ಯಕ್ರಮ ಶುರುಮಾಡಿತು. ನಡುವೆ ಚಪ್ಪಾಳೆ ತಟ್ಟುವ ಟೆಕ್ಸಾಸ್‌ನ ಒಂದು ಹಾಡನ್ನು ಅದರಿಂದ ಕೈಬಿಡಬೇಕಾಯಿತು. ಚಪ್ಪಾಳೆಯ ಜಾಗ ಬಂದಾಗ ಕೆಲಸಗಾರರು ಕೈಯಲ್ಲಿದ್ದ ಸ್ಪ್ಯಾನರಿನಿಂದಲೇ ಬಡಿಯುತ್ತಿದ್ದರಂತೆ! ಹಾಡು ಅವರದ್ದಾದ ಕೂಡಲೇ ಮಾಲೀಕರಿಗೆ ಬೇಡವಾಯಿತು.

ನಿಜಕ್ಕೂ ಇದರಿಂದ ಕೆಲಸ ಹೆಚ್ಚುತ್ತದೆಯೇ? ಒಂದೇ ಬಗೆಯ ಬೇಸರದ ಕೆಲಸದಲ್ಲಿ ಸ್ವಲ್ಪ ಹೆಚ್ಚುತ್ತದೆ ಎಂದು ಆ ಕಾಲದ ಅಧ್ಯಯನಗಳು ಹೇಳಿದವು. ಆದರೆ ಅಳೆದವರಲ್ಲಿ ಹಾಡು ಮಾರುವವರೂ ಇದ್ದರು ಎಂಬುದನ್ನು ಮರೆಯಬಾರದು. ಅಲ್ಲದೆ 1924ರಿಂದ 1932ರವರೆಗೆ ಶಿಕಾಗೋ ಹತ್ತಿರದ ಹಾಥಾರ್ನ್ ಕಾರ್ಖಾನೆಯಲ್ಲಿ ನಡೆದ ಪ್ರಯೋಗಗಳಲ್ಲಿ ಬೆಳಕು ಹೆಚ್ಚಿಸಿದರೂ ಕೆಲಸ ಹೆಚ್ಚಿತು, ಕಡಿಮೆ ಮಾಡಿದರೂ ಹೆಚ್ಚಿತು; ನಮ್ಮನ್ನು ಯಾರೋ ಗಮನಿಸುತ್ತಿದ್ದಾರೆ ಎಂಬುದೇ ಕಾರಣವಿರಬೇಕು ಎಂದರು. ಅಂಗಡಿಯ ಲೆಕ್ಕ ಮಾತ್ರ ಇನ್ನೂ ಸ್ಪಷ್ಟ. 1982ರಲ್ಲಿ ರೊನಾಲ್ಡ್ ಮಿಲಿಮನ್ ಪ್ರಕಟಿಸಿದ ಅಧ್ಯಯನದಲ್ಲಿ ಸೂಪರ್‌ಮಾರ್ಕೆಟಿನಲ್ಲಿ ನಿಧಾನಗತಿಯ ಸಂಗೀತ ಹಾಕಿದಾಗ ಗಿರಾಕಿಗಳ ನಡಿಗೆ ನಿಧಾನವಾಯಿತು, ವೇಗದ ಸಂಗೀತಕ್ಕೆ ಹೋಲಿಸಿದರೆ ವ್ಯಾಪಾರ ಶೇಕಡ 38ರಷ್ಟು ಹೆಚ್ಚಾಯಿತು. ನಮ್ಮ ಮಾಲ್‌ಗಳ ಹಾಡು ಬಹುಮಟ್ಟಿಗೆ ಗಿರಾಕಿಗಾಗಿ. ಗಿರಾಕಿ ಅರ್ಧ ಗಂಟೆ ಕೇಳಿ ಹೋಗುತ್ತಾನೆ; ಕ್ಯಾಶ್ ಕೌಂಟರಿನಲ್ಲಿರುವ ನಮ್ಮ ಹುಡುಗಿ ದಿನವಿಡೀ ಕೇಳುತ್ತಾಳೆ. ಅವಳ ಲೆಕ್ಕ ಆ ಅಧ್ಯಯನದಲ್ಲಿಲ್ಲ.

ಒಪ್ಪಿಗೆಯ ಪ್ರಶ್ನೆ ಒಮ್ಮೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ವಾಷಿಂಗ್ಟನ್ ನಗರದ ಬಸ್ಸು, ಟ್ರಾಮುಗಳಲ್ಲಿ ರೇಡಿಯೋ ಹಾಕುತ್ತಿದ್ದರು. ಇಬ್ಬರು ಪ್ರಯಾಣಿಕರು ಇದು ಬೇಡ ಎಂದು ಹೋರಾಡಿದರು. 1952ರಲ್ಲಿ ಕೋರ್ಟು ಬಹುಮತದಿಂದ ಹಾಕಬಹುದು ಎಂದಿತು. ನ್ಯಾಯಮೂರ್ತಿ ಡಗ್ಲಸ್ ಮಾತ್ರ ಒಪ್ಪಲಿಲ್ಲ. ಕೆಲಸಕ್ಕೆ ಹೋಗಲು ಬೇರೆ ದಾರಿಯಿಲ್ಲದೆ ಬಸ್ಸು ಹತ್ತಿದವನು ಸಿಕ್ಕಿಬಿದ್ದ ಕೇಳುಗ ಎಂಬುದು ಅವರ ವಾದ. ಇನ್ನೊಬ್ಬ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ವಿಚಾರಣೆಯಿಂದಲೇ ಹಿಂದೆ ಸರಿದರು: ತಾನೂ ಆ ಸದ್ದಿನ ಸಂತ್ರಸ್ತ, ನಿಷ್ಪಕ್ಷಪಾತವಾಗಿ ತೀರ್ಪು ಕೊಡುವ ಸ್ಥಿತಿಯಲ್ಲಿಲ್ಲ ಎಂದು!

ಕೆಲಸಕ್ಕೂ ಹಾಡಿಗೂ ನಂಟು ಅಮೆರಿಕದವರು ಕಂಡುಹಿಡಿದದ್ದೇನೂ ಅಲ್ಲ. ನಮ್ಮೂರಿನಲ್ಲಿ ಬೀಸುವ ಪದ, ಕುಟ್ಟುವ ಪದ ಇದ್ದವು. ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಎಂದು ಪ್ರಕಟಿಸಿದ್ದು ಬಹುಪಾಲು ಬೀಸುವ ಕಲ್ಲಿನ ಮುಂದೆ ಹುಟ್ಟಿದ ತ್ರಿಪದಿಗಳನ್ನೇ. ತುಳುನಾಡಿನ ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರ 'ಓ ಬೇಲೆ' ಇದೆ. ಅಲ್ಲಿ ವೇಗ ನಿರ್ಧರಿಸುತ್ತಿದ್ದುದು ಬೀಸುವವಳ ತೋಳು. ಅತ್ತೆಯನ್ನು ಬೈಯಬೇಕೆನಿಸಿದರೆ ಹಾಡಿನಲ್ಲೇ ಬೈಯುತ್ತಿದ್ದಳು, ತವರಿನ ನೆನಪಾದರೆ ನಿಧಾನ ಮಾಡುತ್ತಿದ್ದಳು.

ನಾವಿರುವ ಈ ನೆಲದಲ್ಲೂ ಇತ್ತು. ಎಣ್ಣೆ ಸಿಗುವ ಮುಂಚೆ ಕೊಲ್ಲಿಯ ಬದುಕು ಮುತ್ತಿನದು. ಬೇಸಗೆಯ ನಾಲ್ಕು ತಿಂಗಳು ದೋಣಿಗಳು ಕಡಲಲ್ಲೇ. ಆ ದೋಣಿಗಳಲ್ಲಿ 'ನಹ್ಹಾಮ್' ಎಂಬ ಹಾಡುಗಾರ ಇರುತ್ತಿದ್ದ, ಹಾಡುವುದಕ್ಕೇ ಪಾಲು ಪಡೆಯುವವನು. ಹಾಯಿ ಏರಿಸಲು ಒಂದು ಹಾಡು, ಹುಟ್ಟು ಹಾಕಲು ಒಂದು, ಲಂಗರು ಎತ್ತಲು ಒಂದು. ಇದೂ ನಾಖುದಾನ ಕೆಲಸ ಸಾಗಲೆಂದೇ ಇದ್ದ ಹಾಡು ಎಂದು ನೀವು ಹೇಳಬಹುದು. ಹೇಳಿದರೆ ತಪ್ಪಲ್ಲ, ಮುಳುಗುವವರಲ್ಲಿ ಬಹಳ ಮಂದಿ ಅದೇ ನಾಖುದಾನಿಗೆ ಸಾಲಗಾರರು, ಹಾಡು ಆ ಸಾಲ ತೀರಿಸಲಿಲ್ಲ. ಆದರೆ ನಹ್ಹಾಮ್ ಅದೇ ದೋಣಿಯಲ್ಲಿದ್ದ, ಅದೇ ಬಿಸಿಲಲ್ಲಿದ್ದ; ಅವನು ಒಂದು ಸಾಲು ಹಾಡಿದರೆ ಉಳಿದವರು ಗಂಟಲಾಳದಿಂದ ಉತ್ತರ ಕೊಡುತ್ತಿದ್ದರು. 1930ರ ದಶಕದಲ್ಲಿ ಜಪಾನಿನ ಸಾಕಿದ ಮುತ್ತು ಬಂದು ಈ ಕಸುಬು ನಿಂತಿತು. ಬಹ್ರೇನಿನ ಮುತ್ತುಗಾರರ ಹಾಡು 'ಫಿಜಿರಿ'ಯನ್ನು ಯುನೆಸ್ಕೋ 2021ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಮುಹರ್ರಕ್ ಕಡೆ ಇರುವವರು ಅವಕಾಶ ಸಿಕ್ಕರೆ ಒಮ್ಮೆ ಕೂತು ಕೇಳಿ.

ಮ್ಯೂಝಾಕ್ ಏನಾಯಿತು? 2011ರಲ್ಲಿ ಅದನ್ನು ಕೊಂಡ ಕಂಪನಿಯ ಹೆಸರು ಮೂಡ್ ಮೀಡಿಯಾ. ಎರಡು ವರ್ಷದಲ್ಲಿ ಮ್ಯೂಝಾಕ್ ಎಂಬ ಹಳೆಯ ಹೆಸರನ್ನು ಕೈಬಿಟ್ಟರು. ವ್ಯಾಪಾರದ ವಸ್ತು ಯಾವುದು ಎಂಬುದು ಈಗ ಬೋರ್ಡಿನ ಮೇಲೇ ಇದೆ.

ಹಿಂದೆ ನಾನಿದ್ದ ಗೋದಾಮೊಂದರಲ್ಲಿ ಪ್ಯಾಕಿಂಗ್ ಸಾಲಿನ ಮೇಲೆ ಸ್ಪೀಕರ್ ಇತ್ತು. ಸೂಪರ್‌ವೈಸರ್ ಹಾಕಿದ ಇಂಗ್ಲಿಷ್ ಸ್ಟೇಷನ್ನೇ ದಿನವಿಡೀ. ಕೊಪ್ಪಳ, ಹಾವೇರಿ ಕಡೆಯ ನಾಲ್ಕೈದು ಮಂದಿ, ಮಲಯಾಳಿಗಳು, ನೇಪಾಳಿಗಳು ಸೇರಿ ಒಂದು ದಿನ ಹೋಗಿ ಕೇಳಿದರು. ಆತ ಒಳ್ಳೆಯ ಮನುಷ್ಯ, ಒಪ್ಪಿದ. ಅಂದಿನಿಂದ ಸರದಿ. ಭಾನುವಾರ ಮಲಯಾಳ, ಸೋಮವಾರ ನೇಪಾಳಿ, ಮಂಗಳವಾರ ನಮ್ಮದು. ಮಂಗಳವಾರ ಪೆಟ್ಟಿಗೆ ಹೆಚ್ಚು ಕಟ್ಟಿದೆವೋ ಕಡಿಮೆಯೋ, ರಿಜಿಸ್ಟರ್ ನನ್ನ ಕೈಯಲ್ಲೇ ಇದ್ದರೂ ಒಮ್ಮೆಯೂ ಕೂಡಿಸಿ ನೋಡಲಿಲ್ಲ.

ಕೆಲವು ತಿಂಗಳಾದ ಮೇಲೆ ಸ್ಪೀಕರ್ ಕೆಟ್ಟಿತು. ರಿಪೇರಿಗೆ ಹೋದದ್ದು ಬರಲು ಮೂರು ವಾರ. ಎರಡನೆಯ ದಿನ ಹಾವೇರಿಯ ಹಿರಿಯರೊಬ್ಬರು, ಎಲ್ಲರೂ ಕಾಕಾ ಎನ್ನುತ್ತಿದ್ದವರು, ಟೇಪು ಎಳೆಯುತ್ತಲೇ ಮೆಲ್ಲಗೆ ತಮ್ಮವ್ವ ಬೀಸುವಾಗ ಹಾಡುತ್ತಿದ್ದ ಪದವೊಂದನ್ನು ಶುರುಮಾಡಿದರು. ಎದುರಿನ ನೇಪಾಳಿ ಹುಡುಗನಿಗೆ ಒಂದು ಮಾತೂ ತಿಳಿಯದು. ಖಾಲಿ ಕಾರ್ಟನ್ನಿನ ಮೇಲೆ ಬೆರಳಿನಿಂದ ತಾಳ ಹಾಕಿದ. ಕಾಕಾ ಅವನ ಕಡೆ ನೋಡಿ ನಕ್ಕು, ಸ್ವಲ್ಪ ನಿಧಾನ ಹಾಕೋ ತಮ್ಮಾ, ಇದು ಜ್ವಾಳ ಬೀಸೋ ಪದ, ಅಷ್ಟು ಗಡಿಬಿಡಿ ಇಲ್ಲ ಎಂದರು.